ಒಬ್ಬಳೇ ಕೂತು ಬರೆದದ್ದು

ಠಣ್, ಠಣ್ ಎಂದು ಮೊದಲ ಗಂಟೆ ಹೊಡೆದಾಗ ಮುರಿಗೆವ್ವ ಇನ್ನೂ ಊರೊಳಗೆ ಕಾಲಿಟ್ಟಿರಲಿಲ್ಲ. ಹುಬ್ಬಳ್ಳಿ ರಸ್ತೆಯ ಸುಂಕದ ನಾಕೆಯ ಹತ್ತಿರ ಹತ್ತಿ ಹೇರಿದ ಬಂಡಿಗಳು ಸಾಲುಗಟ್ಟಿ ನಿಂತಿದ್ದವು. ಎತ್ತುಗಳ ಕೋಡು ತಪ್ಪಿಸುತ್ತ, ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವಳು ಓಡಿದಳು. ಗಂಟೆ ಎಂದರೆ ಕಂಚಿನ ಗಂಟೆಯಲ್ಲ. ಹೆಂಗಸರ ಟ್ರೇನಿಂಗ್ ಕಾಲೇಜಿನ ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದ ರೈಲು ಹಳಿಯ ತುಂಡು. ಸಿಪಾಯಿ ಸಲಾಕೆಯಿಂದ ಹೊಡೆದರೆ ಧಾರವಾಡದ ಅರ್ಧ ಊರಿಗೆ ಕೇಳುತ್ತಿತ್ತು. ಮೊದಲ ಗಂಟೆಗೂ ಎರಡನೆಯದಕ್ಕೂ ನಡುವೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಎರಡನೆಯದು ಹೊಡೆದೊಡನೆ ಯಜ್ಞೇಶ್ವರ ಮಾಸ್ತರರು ತಾವೇ ಎದ್ದು ನಿಬಂಧದ ವರ್ಗದ ಬಾಗಿಲು ಮುಚ್ಚುತ್ತಿದ್ದರು. ಆಮೇಲೆ ಕಲೆಕ್ಟರ ಸಾಹೇಬರು ಬಂದರೂ ಹೊರಗೇ ನಿಲ್ಲಬೇಕೆಂದು ಹುಡುಗಿಯರು ನಗುತ್ತಿದ್ದರು.

ಅಂದು ನಿಬಂಧ ಓದುವ ಸರದಿ ಮುರಿಗೆವ್ವನದು.

ಅವಳು ಮೆಟ್ಟಿಲು ಹತ್ತುವಾಗಲೇ ಎರಡನೆಯ ಗಂಟೆ ಶುರುವಾಯಿತು. ಬಾಗಿಲ ಸಂದಿಯಲ್ಲಿ ಒಂದು ಕಾಲು ಕಂಡಿತು. ಅದು ಅವಳ ಗೆಳತಿ ಶಮೀಮಳ ಕಾಲು. ಚಪ್ಪಲಿ ಹುಡುಕುವವಳಂತೆ ಬಗ್ಗಿ, ಕಾಲನ್ನು ಬಾಗಿಲಿಗೆ ಅಡ್ಡ ಕೊಟ್ಟು ನಿಂತಿದ್ದಳು.

“ಲಗೂ ಬಾ. ಇನ್ನೊಂದ ಸ್ವಲ್ಪ ತಡಾ ಆಗಿದ್ರ ಬೆರಳ ಬಿಟ್ಟ ಹೋಗಬೇಕಾಗ್ತಿತ್ತು,” ಎಂದು ಪಿಸುಗುಟ್ಟಿದಳು ಶಮೀಮ.

ಮುರಿಗೆವ್ವ ಒಳಗೆ ನುಸುಳಿ ತನ್ನ ಜಾಗದಲ್ಲಿ ಕೂತಳು. ಕೂತರೂ ಉಸಿರು ಕೂಡಲಿಲ್ಲ. ಅವಳು ಕೂತದ್ದನ್ನು ಕಂಡವರೇ ಕಡಿಮೆ. ಲಕಮನಹಳ್ಳಿಯ ಅಯ್ಯನವರ ಮನೆಯಲ್ಲಿ ಬೆಳಗಾಗುವ ಮೊದಲೇ ಎದ್ದು ಸೆಗಣಿ ಬಳಿದು, ನೀರು ತುಂಬಿ, ರೊಟ್ಟಿ ಬಡಿದು, ಎಲ್ಲರ ಪೂಜೆಗೆ ಅಣಿ ಮಾಡಿಟ್ಟು ಹೊರಟು ಬರುವವಳು. ಅಷ್ಟನ್ನು ಮಾಡೆಂದು ಯಾರೂ ಹೇಳಿರಲಿಲ್ಲ. ಕೈ ಸುಮ್ಮನಿದ್ದರೆ ಯಾರೋ ಏನೋ ಕೇಳಿಬಿಡುತ್ತಾರೆಂಬ ದಿಗಿಲು.

ಅವಳನ್ನು ಅಣ್ಣಿಗೇರಿಯ ಹತ್ತಿ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಒಂದು ಶ್ರಾವಣದಲ್ಲಿ, ಪಂಚಮಿಗೆ ತವರಿಗೆ ಹೋಗಿ ಬಾ ಎಂದು ಬಂಡಿ ಕಟ್ಟಿಸಿ ಕಳಿಸಿದರು. ಪಂಚಮಿ ಮುಗಿಯಿತು, ಜೋಕಾಲಿಯ ಹಗ್ಗ ಬಿಚ್ಚಿದರು, ಕರೆಯಲು ಯಾರೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಡ ಇನ್ನೊಂದು ಮದುವೆಯಾದ ಸುದ್ದಿ ಬಂತು. ತಂದೆ ತಾಯಿ ಅವಳು ಚಿಕ್ಕವಳಿದ್ದಾಗಲೇ ಹೋಗಿದ್ದರು. ತಂದೆಯ ತಾಯಿ ಚನ್ನಬಸವ್ವ ಆಯಿ, ತಂದೆಯ ತಮ್ಮ ಮಹಾಂತಯ್ಯ ಕಾಕಾ, ಅವನ ಹೆಂಡತಿ ಶಿವಲಿಂಗವ್ವ ಚಿಗವ್ವ, ಇವರದೇ ಮನೆ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಕಾಕಾನೇ ಅಲ್ಲಿ ಇಲ್ಲಿ ವಿಚಾರಿಸಿ ಅವಳನ್ನು ಟ್ರೇನಿಂಗ್ ಕಾಲೇಜಿಗೆ ಸೇರಿಸಿದ. ಇನ್ನೊಂದು ವರ್ಷ ಪೂರೈಸಿದರೆ ಯಾವುದಾದರೂ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು ಆಗಬಹುದು. ತನ್ನದೆಂಬ ಒಂದು ಕೋಣೆ, ತನ್ನದೆಂಬ ಒಂದು ಒಲೆ. ಅವಳು ದಿನವೂ ಓಡುತ್ತಿದ್ದದ್ದು ಅದರ ಕಡೆಗೆ. ಆದರೆ ಎರಡನೆಯ ವರ್ಷಕ್ಕೆ ಹೋಗಬೇಕಾದರೆ ನಿಬಂಧದ ವರ್ಗದಲ್ಲಿ ಹೆಸರು ಉಳಿದಿರಬೇಕು.

ಆ ವರ್ಗದ ಕಟ್ಟಳೆಗಳನ್ನು ಮಾಸ್ತರರು ಮೊದಲ ದಿನವೇ ಓದಿ ಹೇಳಿ, ಪ್ರತಿಯೊಬ್ಬರಿಂದಲೂ ಬರೆಸಿಕೊಂಡಿದ್ದರು. ಮೂರು ಸಲ ತಡವಾಗಿ ಬಂದರೆ ಒಂದು ಗೈರುಹಾಜರಿ. ನಿಬಂಧ ಸೋಮವಾರ ಮೇಜಿನ ಮೇಲಿರಬೇಕು. ಜ್ವರ ನಿಮಗೆ ಬರಬಹುದು, ನಿಬಂಧಕ್ಕೆ ಬರಕೂಡದು ಎಂದಿದ್ದರು. ಹಾಳೆಯ ಎಡಕ್ಕೆ ಹೆಬ್ಬೆರಳಿನಷ್ಟು ಅಂಚು ಬಿಡಬೇಕು. ಗುರುವಾರ ಒಬ್ಬೊಬ್ಬರು ಎದ್ದು ನಿಂತು ತಮ್ಮದನ್ನು ಓದಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಇವೆಲ್ಲಕ್ಕಿಂತ ಮೇಲಿನದು ಒಂದಿತ್ತು: ಬಾಜಾರದ ಪುಸ್ತಕದಿಂದ ಇಳಿಸಿದರೆ, ಬೇರೆಯವರಿಂದ ಬರೆಸಿಕೊಂಡು ಬಂದರೆ ವರ್ಗದಿಂದ ಹೆಸರು ತೆಗೆಯಲಾಗುವುದು. ಹಿಂದಿನ ವರ್ಷ ತಪಾಸಣೆಗೆ ಬಂದ ಸಾಹೇಬರ ಮುಂದೆ ನಾಲ್ಕು ಹುಡುಗಿಯರು ಒಂದೇ ಆಕಳ ಮೇಲೆ ಒಂದೇ ನಿಬಂಧ ಓದಿದ್ದರಂತೆ. ನಾಲ್ಕೂ ಆಕಳು ಒಂದೇ ಬಣ್ಣದವು, ನಾಲ್ಕಕ್ಕೂ ಒಂದೇ ಕೋಡು ಮುರಿದಿತ್ತು. ಅಂದಿನಿಂದ ಮಾಸ್ತರರು ಈ ಕಟ್ಟಳೆಯ ವಿಷಯದಲ್ಲಿ ನಗುತ್ತಿರಲಿಲ್ಲ.

ಮುರಿಗೆವ್ವ ಎದ್ದು ನಿಂತಳು. ವಿಷಯ ‘ನನ್ನ ಮನೆ’. ಜೂನ್ ತಿಂಗಳಿಂದ ಈಚೆಗೆ ‘ಸಮಯದ ಬೆಲೆ’, ‘ಮಳೆಗಾಲ’, ‘ಸತ್ಯ’ ಎಂದೆಲ್ಲ ಬರೆದಾಗ ಅವಳಿಗೆ ತೊಂದರೆಯಾಗಿರಲಿಲ್ಲ. “ಪ್ರೌಢವಾಗಿದೆ” ಎಂದು ಒಮ್ಮೆ ಮಾಸ್ತರರು ಕೆಂಪು ಮಸಿಯಲ್ಲಿ ಬರೆದೂ ಇದ್ದರು. ಅವಳು ಓದತೊಡಗಿದಳು.

“ಈ ಮನೆಗೆ ಬಂದಾಗ ನಾನು ಏಳು ವರ್ಷದವಳು. ಬಂಡಿ ಕರಿಮಣ್ಣಿನಲ್ಲಿ ಹುಗಿದು, ಮಾವನವರು ನನ್ನನ್ನು ಹೆಗಲ ಮೇಲೆ ಹೊತ್ತು ತಂದರು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುರಿಗೆವ್ವ ಗಮನಿಸಲಿಲ್ಲ, ಓದುವಾಗ ಅವಳಿಗೆ ದನಿಯ ಏರಿಳಿತದ ಮೇಲೆ ಮಾತ್ರ ಕಣ್ಣು. ಮನೆಯಲ್ಲಿ ಹಾಗೆ ಕಲಿಸಿದ್ದರು.

“ನಮ್ಮ ಹೊಲದ ಬದುವಿನ ಬಗ್ಗೆ ಯಾರೂ ತಕರಾರು ಮಾಡುವ ಕಾರಣವಿಲ್ಲ. ಹಿರಿಯರು ಮಾತಾಡುವಾಗ ಸೊಸೆಗೆ ನಗು ಬಂದರೆ ಅಡುಗೆಮನೆಗೆ ಹೋಗಿ ನಕ್ಕು ಬರಬೇಕು. ನನ್ನ ಹಲ್ಲು ಬಿದ್ದ ಮೇಲೆ ಈ ಮನೆಯ ರೊಟ್ಟಿ ದಪ್ಪವಾಗಿದೆ.”

ವರ್ಗವೆಲ್ಲ ನಕ್ಕಿತು. ಶಮೀಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಮಾಸ್ತರರು ಕೈ ಎತ್ತಿದರು.

“ಮುರಿಗೆವ್ವಾ, ನಿಮ್ಮ ವಯಸ್ಸೆಷ್ಟು?”

“ಇಪ್ಪತ್ತೊಂದರಿ.”

“ಹಲ್ಲು?”

“ಎಲ್ಲಾ ಅದಾವರಿ.”

“ಹಂಗಾದ್ರ ಈ ಹಲ್ಲ ಬಿದ್ದಾಕಿ ಯಾರು?”

“ನಮ್ಮ ಆಯಿರಿ.”

“ಬದುವಿನ ಮಾತು?”

“ಕಾಕಾಂದರಿ. ಸೊಸಿ ನಗೂದು ಚಿಗವ್ವಂದು.” ಅವಳು ಸಹಜವಾಗಿ ಹೇಳಿದಳು, ಕೇಳಿದವರಿಗೆ ಹೆಸರು ಹೇಳುವುದು ಮರ್ಯಾದೆ ಎಂಬಂತೆ.

ಮಾಸ್ತರರು ಕಿಸೆಯಿಂದ ನಶ್ಯದ ಡಬ್ಬಿ ತೆಗೆದರು. ತೆರೆಯದೆ ಮೇಜಿನ ಮೇಲಿಟ್ಟರು. “ಬ್ಯಾರೇದವರ ಕಡೆಯಿಂದ ಬರಸಬಾರದು ಅಂತ ಕಟ್ಟಳಿ ಅದ. ನೀವ ನಿಮ್ಮ ಕೈಲೆ ಬರಕೊಂಡೀರಿ. ಮರತ್ರೇನು?”

“ಮರತಿಲ್ಲರಿ. ಬ್ಯಾರೇದವರ ಕಡೆಯಿಂದ ಬರಸಿಲ್ಲರಿ. ಮನ್ಯಾಗಿನವರ ಹೇಳ್ಯಾರರಿ.”

ಮತ್ತೆ ನಗು ಎದ್ದಿತು. ಮಾಸ್ತರರು ನಗುವವರ ಕಡೆ ನೋಡಿದರು, ಅದು ಅಡಗಿತು. ಅವರು ಕೆಳಗಿಳಿದು ಬಂದು ಅವಳ ಹಾಳೆಯನ್ನು ನೋಡಿದರು. ದುಂಡಗೆ, ಒಂದು ಚಿತ್ತಿಲ್ಲದೆ ಬರೆದ ಅಕ್ಷರ.

“ಇದರಾಗ ನಿಮ್ಮದ್ಯಾವುದು?”

ಮುರಿಗೆವ್ವ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಮೊದಲನೆಯ ಸಾಲು ಆಯಿಯದು. ಎರಡನೆಯದೂ ಅವಳದೇ. ಬೆರಳು ಕೆಳಗೆ ಹೋಯಿತು, ಹಾಳೆ ತಿರುವಿತು, ಮತ್ತೆ ಮೇಲೆ ಬಂತು. ಎಲ್ಲರೂ ಕಾಯುತ್ತಿದ್ದರು.

“ಅಂಚ ಬಿಟ್ಟಿದ್ದು ನಾನರಿ,” ಎಂದಳು.

ಈ ಸಲ ಯಾರೂ ನಗಲಿಲ್ಲ. ಮಾಸ್ತರರು ಕಿಟಕಿಯವರೆಗೆ ಹೋಗಿ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದರೆ ಅವಳಿಗೆ ಹಗುರಾಗುತ್ತಿತ್ತು.

“ಕಟ್ಟಳಿ ಪ್ರಕಾರ ಇವತ್ತ ನಿಮ್ಮ ಹೆಸರ ತಗೀಬೇಕು. ನೀವು ಸುಳ್ಳು ಹೇಳಲಿಲ್ಲ, ಅದಕ್ಕ ಸೋಮವಾರದ ತನಕ ಕಾಯ್ತೀನಿ. ಇದ ವಿಷಯ. ಒಬ್ಬರ ಕೂತು ಬರೀರಿ. ಯಾರನ್ನೂ ಕೇಳಬ್ಯಾಡ್ರಿ. ಬರದದ್ದನ್ನ ಇಲ್ಲಿ ತರೂ ಮೊದಲ ಯಾರಿಗೂ ಓದಿ ತೋರಸಬ್ಯಾಡ್ರಿ. ಓದಿದ್ರ ಅವರು ತಿದ್ದತಾರ. ನಾಳೆ ನಿಮ್ಮ ಮುಂದ ನಾಲ್ವತ್ತು ಹುಡುಗ್ಯಾರು ಕೂಡತಾವ, ಅವಕ್ಕ ಯಾರ ಮಾತು ಹೇಳಾವ್ರು?”

ಅಯ್ಯನವರ ಮನೆಯಲ್ಲಿ ಬರೆಯುವುದು ಎಂದರೇನೆಂದು ಮಾಸ್ತರರಿಗೆ ಗೊತ್ತಿರಲಿಲ್ಲ. ಅಲ್ಲಿ ಮಸಿಯ ದೌತಿ ಹೊರಗೆ ಬಂತೆಂದರೆ ಪಡಸಾಲೆಯಲ್ಲಿ ಚಾಪೆ ಹಾಸಬೇಕು. ಕಸಬರಿಗೆ ಹಿಡಿದವರು ಅದನ್ನು ಮೂಲೆಗಿಟ್ಟು, ಒಲೆ ಊದುವವರು ಬೆಂಕಿ ಹಿಂದೆ ಸರಿಸಿ ಬಂದು ಕೂಡಬೇಕು. ಮೊದಲ ಮಾತು ಆಯಿಯದು. ಆಮೇಲೆ ಹಿರಿತನದಂತೆ ಒಬ್ಬೊಬ್ಬರದು. ಲೇಖಣಿ ಹಿಡಿದವರಿಗೆ ಅಲ್ಲಿ ಮಾತಿಲ್ಲ. ಎಂಟು ವರ್ಷದವಳಿದ್ದಾಗಿನಿಂದ ಮುರಿಗೆವ್ವನೇ ಲೇಖಣಿ ಹಿಡಿದವಳು. ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಎಲ್ಲರೂ ಹೂಂ ಎಂದ ಮೇಲೆಯೇ ಕಾಗದ ಹೊಸ್ತಿಲು ದಾಟಬೇಕು. ಆ ಮನೆಯಲ್ಲಿ ಒಬ್ಬನೇ ಕೂತು ಬರೆದವನು ಒಬ್ಬನೇ: ಅಜ್ಜನ ತಮ್ಮ. ಅವನು ಅಟ್ಟದ ಮೇಲೆ ಕೂತು ಹೊಲದ ಬದುವಿನ ಬಗ್ಗೆ ಮಾಮಲೇದಾರರಿಗೆ ಅರ್ಜಿ ಬರೆದಿದ್ದ. ಮನೆ ಎರಡಾಯಿತು. ಇವತ್ತಿಗೂ ಆ ಕಡೆಯವರಿಗೂ ಈ ಕಡೆಯವರಿಗೂ ನೀರಿನ ಬಳಕೆಯಿಲ್ಲ.

ಹೀಗಾಗಿ ಕಾಲೇಜಿನ ನಿಬಂಧವೂ ಚಾಪೆಯ ಮೇಲೆಯೇ ಹುಟ್ಟುತ್ತಿತ್ತು. ‘ಸತ್ಯ’ದ ಮೇಲೆ ಕಾಕಾ ಒಂದು ಇಡೀ ಸಂಜೆ ಹೇಳಿದ್ದ. ಅಣ್ಣಿಗೇರಿಯಲ್ಲೂ ಚಾಪೆ ಇತ್ತು. ಅಲ್ಲಿ ಅತ್ತೆ ಹೇಳುತ್ತಿದ್ದಳು, ಮುರಿಗೆವ್ವ ಬರೆಯುತ್ತಿದ್ದಳು: “ನಾನು ಇಲ್ಲಿ ಸುಖವಾಗಿದ್ದೇನೆ. ನನ್ನ ಚಿಂತೆ ಬಿಡಬೇಕು.” ಆ ಕಾಗದವನ್ನು ಲಕಮನಹಳ್ಳಿಯ ಪಡಸಾಲೆಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರು, ಎಲ್ಲರೂ ಹೂಂ ಎನ್ನುತ್ತಿದ್ದರು.

ಸಂಜೆ ಮಾರುಕಟ್ಟೆಯ ಕೊನೆಯವರೆಗೆ ಶಮೀಮ ಜೊತೆಗೆ ಬಂದಳು.

“ನಮ್ಮ ಮನ್ಯಾಗ ಬಂದ ಬರಿ. ನಮ್ಮವ್ವಗ ಹೊಲಿಗಿ ಮಷೀನಿನ ಸಪ್ಪಳದಾಗ ಸಿಡಲ ಬಿದ್ರೂ ಕೇಳೂದಿಲ್ಲ.”

“ತಡಾ ಆದ್ರ ಮನ್ಯಾಗ ದಾರಿ ಕಾಯತಾರವಾ.”

“ಹಂಗಾದ್ರ ನಡಕೋತನ ಬರಿ. ನೀ ಕುಂತಿದ್ದನ್ನರ ಯಾರ ನೋಡ್ಯಾರ?”

ಮುರಿಗೆವ್ವ ನಕ್ಕಳು, ಆದರೆ ಊರಿನ ದಾರಿಯುದ್ದಕ್ಕೂ ಮಾಸ್ತರರ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನಂತೆ ಒತ್ತುತ್ತಿತ್ತು. ಇದರಲ್ಲಿ ನಿಮ್ಮದು ಯಾವುದು? ಬದುವಿನಾಚೆ ಹತ್ತಿ ಬಿರಿದು ನಿಂತಿತ್ತು. ಹೊಲ ನಕ್ಕಂತೆ ಕಾಣುತ್ತದೆ ಎಂದುಕೊಂಡಳು. ಮರುಗಳಿಗೆ, ಅದು ಆಯಿಯ ಮಾತು ಎಂದು ನೆನಪಾಯಿತು. ಗಾಳಿ ಮೂಳೆಗೆ ತಾಗುತ್ತಿದೆ ಎಂದುಕೊಂಡಳು; ಅದು ಚಿಗವ್ವ ದಿನಾ ಬೆಳಗ್ಗೆ ಅನ್ನುವುದು. ಅವಳು ನಡಿಗೆ ಜೋರು ಮಾಡಿದಳು.

ಶುಕ್ರವಾರ ಸಂಜೆ ಕಾಲೇಜಿನಿಂದ ಬಂದವಳೇ ಕೋಣೆಯ ಬಾಗಿಲು ಅರ್ಧ ಮುಚ್ಚಿ ಕೂತಳು. ದೌತಿಯ ಬಿರಡೆ ತೆಗೆದು ಇನ್ನೂ ಲೇಖಣಿ ಅದ್ದಿರಲಿಲ್ಲ. ಚಿಗವ್ವ ಮೊರದ ತುಂಬ ಶೇಂಗಾ ಹಿಡಿದು ಸುಲಿಯಲು ಬಂದು ಕೂತಳು. ಹಿಂದೆಯೇ ಆಯಿ ಗೋಡೆ ಹಿಡಿದು ಬಂದಳು.

“ಮಸಿ ವಾಸನಿ ಬಂತು. ಚಾಪಿ ಯಾಕ ಹಾಸಿಲ್ಲ? ಬರಿ. ಮೊದಲ ಶ್ರೀ ಹಾಕು.”

“ಆಯಿ, ಇದನ್ನ ಒಬ್ಬಾಕಿನ ಬರೀಬೇಕಂತ. ಮಾಸ್ತರ ಕಟ್ಟಳಿ.”

“ಒಬ್ಬಾಕಿನ? ಯಾಕ, ನಮ್ಮ ಬಾಯಿ ಹೊಲಸಾಗೈತೇನು?”

“ಹಂಗಲ್ಲ ಆಯಿ. ನನ್ನ ಮಾತು ಬೇಕಂತ.”

ಚಿಗವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಹಂಗಾದ್ರ ಇಷ್ಟದಿನಾ ನಾವು ಹೇಳಿದ್ದು ಯಾರ ಮಾತಂತವಾ? ಓಣ್ಯಾಗ ಬಿದ್ದಿದ್ದನ್ನ ಆರಿಸಿ ತಂದಿದ್ವೇನು?”

ಹೊರಗಿನಿಂದ ಬಂದ ಕಾಕಾ ಬಾಗಿಲಲ್ಲಿ ನಿಂತ. ಹೆಗಲ ಮೇಲಿನ ವಸ್ತ್ರ ತೆಗೆದು ಝಾಡಿಸುತ್ತ, ಅರ್ಧ ನಗುತ್ತ ಕೇಳಿದ: “ಯಾರ ಮ್ಯಾಲ ಅರ್ಜಿ ಬರಿಯಾಕತ್ತೀ, ಮುರಿಗಿ?”

ನಗೆಯ ಮಾತೇ ಅದು. ಆದರೆ ಹೇಳಿದ ಮೇಲೆ ಎಲ್ಲರಿಗೂ ಅಜ್ಜನ ತಮ್ಮನ ಅರ್ಜಿ ನೆನಪಾಯಿತು. ಮುರಿಗೆವ್ವ ಬಿರಡೆ ಹಾಕಿ ಎದ್ದು, ಬೇಕಿಲ್ಲದಿದ್ದರೂ ನೀರು ತರಲು ಹೋದಳು.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಬಂದು ದನದ ಕೊಟ್ಟಿಗೆಯಲ್ಲಿ ಕೂತಳು. ಕರು ಹಾಳೆಯ ಮೂಲೆ ನೆಕ್ಕಿ ಮಸಿಯ ನಾಲಿಗೆ ಮಾಡಿಕೊಂಡಿತು. ಅಲ್ಲಿಂದ ಎದ್ದು ಹೊಲದ ಬದುವಿಗೆ ಹೋದಳು. ಲೇಖಣಿ ಹಿಡಿದು ಹತ್ತಿಯ ಸಾಲು ನೋಡುತ್ತ ಕೂತವಳನ್ನು, ಮೇವಿನ ಹೊರೆ ಹೊತ್ತು ಹೊರಟಿದ್ದ ಉಡಚವ್ವ ಕಂಡಳು.

“ಏನ ತಂಗೀ, ಹೊಲಾ ಅಳಿಯಾಕತ್ತೀಯೇನು? ಮಾರತಾರಂತೇನು ಅಯ್ಯನೋರು?”

“ಇಲ್ಲಬೇ. ಸಾಲಿದು ಬರಿಯಾಕ ಬಂದೇನಿ.”

“ಮನಿ ಬಿಟ್ಟ ಹೊಲದಾಗ ಸಾಲಿದು?” ಎಂದು ಉಡಚವ್ವ ನಂಬದವಳಂತೆ ಹೊರೆ ಸರಿಪಡಿಸಿಕೊಂಡು ನಡೆದಳು. ಮುರಿಗೆವ್ವ ಮನೆ ಮುಟ್ಟುವ ಹೊತ್ತಿಗೆ ಹೊಲ ಮಾರುವ ಸುದ್ದಿ ಕಾಕಾನ ಕಿವಿಗೆ ಬಿದ್ದಾಗಿತ್ತು. ಕಟ್ಟೆಯ ಮೇಲೆ ಇಬ್ಬರು ಗಿರಾಕಿಗಳು ಎಲೆ ಮಡಿಸುತ್ತ ಕೂತಿದ್ದರು. ಅವರನ್ನು ಸಮಾಧಾನ ಮಾಡಿ ಕಳಿಸಿದ ಕಾಕಾ ರಾತ್ರಿ ಊಟದವರೆಗೂ ಅವಳ ಕಡೆ ತಿರುಗಿ ನೋಡಲಿಲ್ಲ.

ಭಾನುವಾರ ಉಳಿದಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಮೆಣಸಿನಕಾಯಿ ತಿರುವಿ ಹಾಕುವ ನೆಪದಲ್ಲಿ ಏಣಿ ಹತ್ತಿ ಮಾಳಿಗೆಯ ಮೇಲೆ ಹೋದಳು. ಮಣ್ಣಿನ ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಹರಡಿತ್ತು. ಘಾಟಿಗೆ ಯಾರೂ ಅಲ್ಲಿ ಬಂದು ಕೂಡುವುದಿಲ್ಲ. ಕಣ್ಣೊರೆಸಿಕೊಳ್ಳುತ್ತ ಬರೆದಳು. ಈ ಸಲ ಬರಹ ನಿಲ್ಲಲಿಲ್ಲ. ತೊಲೆಗಳು, ತಲೆಬಾಗಿಲು, ಲಿಂಗಪೂಜೆಯ ಹೊತ್ತಿನ ವಿಭೂತಿಯ ವಾಸನೆ, ಮಳೆಗಾಲದಲ್ಲಿ ಸೋರುವ ಮೂಲೆ, ಎರಡು ಹಾಳೆ ತುಂಬಿದವು. ಖುಷಿಯಿಂದ ಮೊದಲಿನಿಂದ ಓದಿದಳು.

“ನಮ್ಮ ಮನೆಯ ತೊಲೆಗಳು ಹಿರಿಯರ ಹಾಗೆ, ಭಾರ ಹೊತ್ತದ್ದನ್ನು ಹೇಳುವುದಿಲ್ಲ.” ಇದು ಆಯಿ ಹೇಳಿದ್ದು, ಯಾವುದೋ ಮದುವೆಯ ದಿನ. ಅಡ್ಡಗೀಟು ಎಳೆದಳು. ವಿಭೂತಿಯ ಮಾತು ಮಠದ ಸ್ವಾಮಿಗಳು ಹೇಳಿದ್ದು, ಎಳೆದಳು. ಸೋರುವ ಮೂಲೆಯ ಬಗ್ಗೆ ಬರೆದದ್ದು ಚಿಗವ್ವನ ದೂರು, ಪದಕ್ಕೆ ಪದ. ಒಂದೊಂದು ಸಾಲಿನ ಮೇಲೂ ಲೇಖಣಿ ನಿಲ್ಲಿಸಿ, ಇದನ್ನು ಯಾರ ಬಾಯಿಂದ ಕೇಳಿದೆ ಎಂದು ತನ್ನನ್ನು ಕೇಳಿಕೊಂಡಳು. ಹೆಸರು ಹೊಳೆದರೆ ಗೀಟು. ಎಲ್ಲಕ್ಕೂ ಹೆಸರು ಹೊಳೆಯಿತು. ಹಾಳೆ ಉತ್ತ ಹೊಲದಂತಾಯಿತು. ಅವಳಿಗೆ ಹೆದರಿಕೆಯಾಯಿತು, ಎಲ್ಲರೂ ಎದ್ದು ಹೋದ ಚಾಪೆಯ ಮೇಲೆ ತಾನೂ ಇಲ್ಲವೇನೋ ಎಂಬಂಥ ಹೆದರಿಕೆ. ಎದ್ದಳು, ಕೂತಳು, ಮೆಣಸಿನಕಾಯಿ ತಿರುವಿದಳು, ಮತ್ತೆ ಎದ್ದಳು.

ಮಾಳಿಗೆಯ ನಡುವೆ ಬೆಳಕಿಂಡಿ ಇತ್ತು. ಅದರ ಹತ್ತಿರ ಕೂತು ಕೆಳಗೆ ಇಣುಕಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಆ ಮನೆಯನ್ನು ಮೇಲಿನಿಂದ ನೋಡಿರಲಿಲ್ಲ. ಒಂದು ತುಂಡು ಪಡಸಾಲೆ ಕಂಡಿತು: ಊಟಕ್ಕೆ ಎಲ್ಲರೂ ಕೂಡುವ ಜಾಗ. ಗೋಡೆಯ ಪಕ್ಕ ಮನೆಯವರು ಕೂಡುವ ಸಾಲು. ಸೆಗಣಿ ಬಳಿದ ನೆಲದ ಮೇಲೆ ಅವರ ತಟ್ಟೆಗಳ ಗುಂಡನೆಯ ಕಲೆ. ಬಾಗಿಲ ಕಡೆಯ ಕಂಬದ ಪಕ್ಕ ಬೇರೆಯಾಗಿ ಇನ್ನೊಂದು ಕಲೆ. ಅತಿಥಿಗಳು, ದಾರಿಯಲ್ಲಿ ಬಂದ ಜಂಗಮರು ಕೂಡುವ ಜಾಗ ಅದು.

ಆ ಕಲೆ ತನ್ನ ತಟ್ಟೆಯದು ಎಂದು ಅವಳಿಗೆ ತಿಳಿದದ್ದು ಆಗಲೇ.

ಚಿಕ್ಕಂದಿನಲ್ಲಿ ಅವಳು ಗೋಡೆಯ ಪಕ್ಕ ಕೂಡುತ್ತಿದ್ದಳು. ಅಣ್ಣಿಗೇರಿಯಿಂದ ಬಂದ ದಿನ ಪಂಚಮಿಯ ಅತಿಥಿಯಾಗಿ ಕಂಬದ ಪಕ್ಕ ಕೂತಳು. ಆಮೇಲೆ ಎದ್ದು ಗೋಡೆಯ ಕಡೆ ಹೋಗಲಿಲ್ಲ. ಯಾರೂ ಅಲ್ಲಿ ಕೂಡು ಎಂದಿರಲಿಲ್ಲ. ಇಲ್ಲಿ ಬಾ ಎಂದೂ ಅಂದಿರಲಿಲ್ಲ. ಈ ಮಾತನ್ನು ಯಾರ ಬಾಯಿಂದ ಕೇಳಿದೆ ಎಂದು ಹುಡುಕಿದಳು. ಯಾರ ಹೆಸರೂ ಹೊಳೆಯಲಿಲ್ಲ. ಲೇಖಣಿ ಅದ್ದಿ ಹೊಸ ಹಾಳೆಯ ಮೇಲೆ ಬರೆದಳು. ಒಂದೂವರೆ ಪುಟವಾಯಿತು. ಚೆನ್ನಾಗಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕದ್ದು ತಿಂದವರ ಹಾಗೆ ಬಾಯಿ ಒಣಗಿತ್ತು, ಹಾಗೆಯೇ ಹೊಟ್ಟೆ ತುಂಬಿತ್ತು.

ಸೋಮವಾರ ಬೆಳಗ್ಗೆ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟು ಹೊರಬಂದರೆ, ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಆಯಿ ಆಗಲೇ ಕೂತಿದ್ದಳು. ಕಾಕಾ ಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಬಂದು ಕೂತಿದ್ದ. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಳು.

“ಕೂಡು. ಓದು,” ಎಂದ ಕಾಕಾ. “ಬರಿಯೋ ಮುಂದ ನಾವು ಬ್ಯಾಡಾದ್ವಿ, ಆಗಲಿ. ಓದಿ ಹೋಗು. ಈ ಹೊಸ್ತಲಾ ದಾಟಿದ ಕಾಗದ ಯಾವುದೂ ಓದಲಾರದ ದಾಟಿಲ್ಲ.”

“ಸಂಜಿಕೆ ಓದತೇನಿ ಕಾಕಾ. ಮಾಸ್ತರ ಮೊದಲ ಓದಬ್ಯಾಡಂದಾರರಿ.”

“ಮಾಸ್ತರ ನಿನಗ ಅನ್ನಾ ಹಾಕತಾನೇನು?”

“ಇಲ್ಲರಿ. ಹೆಸರ ತಗೀತಾರರಿ.”

“ಓದಲಾರದ ಹ್ವಾದಿ ಅಂದ್ರ ನಾಳಿಂದ ಹೋಗೂದ ಬ್ಯಾಡ. ಹಂಗೇನೈತಿ ಅದರಾಗ, ನಮ್ಮ ಕಿವಿಗೆ ಬೀಳಬಾರದ್ದು?”

ಮುರಿಗೆವ್ವ ಚೀಲದ ಬಾಯಿ ಬಿಗಿಯಾಗಿ ಹಿಡಿದಳು. ಸುಳ್ಳು ಹೇಳಲು ಬರಲಿಲ್ಲ. “ಊಟಕ್ಕ ಕೂಡೂದು ಐತ್ರಿ.”

“ಊಟ?” ಕಾಕಾನ ದನಿ ಏರಿತು. “ಹೊಟ್ಟಿಗೆ ಕಡಿಮಿ ಮಾಡೀವಿ ಅಂತ ಬರದೀಯೇನು?”

“ಬರದಿರಬೇಕು,” ಎಂದಳು ಚಿಗವ್ವ. “ಮಾಡಿ ಹಾಕಿದ ಕೈ ಇಲ್ಲೇ ಅದಾವು, ತೋರಸಲಿ ಏನ ಕಡಿಮಿ ಆತಂತ.”

“ಹಂಗಲ್ಲ ಚಿಗವ್ವ. ನಿಮ್ಮ ಮ್ಯಾಲ ಏನೂ ಬರದಿಲ್ಲ.”

“ನನ್ನ ಹಲ್ಲಿಂದು ಐತಿಲ್ಲ ಅದರಾಗ?” ಎಂದು ಆಯಿ ಕೇಳಿದಳು.

“ತಗದೇನಿ ಆಯಿ.”

“ತಗದಿ? ಛಲೋ ಮಾತಿತ್ತಲ್ಲ ಅದು.”

ಕಾಕಾ ಕೈ ಚಾಚಿದ. “ತಾ ಇಲ್ಲೆ. ನಾನ ಓದತೇನಿ.”

ಒಂದು ಗಳಿಗೆ ಅವಳ ಕೈ ಚೀಲದೊಳಗೆ ಹೋಯಿತು. ಕೊಟ್ಟರೇನು ಎನಿಸಿತು. ಕೊಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಯಾರೂ ಬಯ್ಯುವುದಿಲ್ಲ. ಆಯಿ, ಹಂಗಲ್ಲ ಹಿಂಗ ಬರಿ ಎನ್ನುತ್ತಾಳೆ. ಕಾಕಾ ಒಂದು ಮಾತು ಸೇರಿಸುತ್ತಾನೆ, ಚಿಗವ್ವ ಅತ್ತು ಒಂದು ಮಾತು ತೆಗೆಸುತ್ತಾಳೆ. ಕಂಬದ ಪಕ್ಕದ ಜಾಗ ಈಗಲೇ ಎಲ್ಲರ ಮಾತಾಗುತ್ತದೆ. ಅವಳು ಖಾಲಿ ಕೈ ಹೊರಗೆ ತೆಗೆದಳು.

“ಸಂಜಿಕೆ ಚಾಪಿ ಹಾಸಿ ಓದತೇನಿ ಕಾಕಾ. ಆಮ್ಯಾಲ ನೀವು ಬಿಡಸೂದಿದ್ರ ಬಿಡಸ್ರಿ.”

“ಸಂಜಿ ಗಿಂಜಿ ಇಲ್ಲ. ನಾ ಹೇಳೂದ ಕೇಳು, ನಿಮ್ಮಪ್ಪ ಇದ್ದಿದ್ರ…” ಕಾಕಾ ಹೇಳುತ್ತಲೇ ಇದ್ದ. ಅವಳು ಬಾಗಿಲ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು.

ಆಯಿ ಒಳಗಿನಿಂದಲೇ ಕರೆದಳು. ದನಿ ಬೇರೆಯಾಗಿತ್ತು. “ಮುರಿಗೀ, ಊಟಕ್ಕ ಕೂಡೂದಂದ್ರ… ಯಾರ ಎಲ್ಲಿ ಕೂಡತಾರನ್ನೂದೇನು?”

ಮುರಿಗೆವ್ವನ ಕಾಲು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ನಿಂತಿತು. ಆಯಿ ನೋಡಿದ್ದಾಳೆ. ಇಷ್ಟು ದಿನವೂ ನೋಡಿದ್ದಾಳೆ. ತಿರುಗಿ ಒಳಗೆ ಹೋಗಿ ಆ ಮಡಿಲಲ್ಲಿ ತಲೆಯಿಟ್ಟು, ಏನೆಂದುಕೊಂಡಿದ್ದಿ ಆಯಿ, ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ಕೇಳಿದರೆ ಆಯಿ ಹೇಳುತ್ತಾಳೆ, ತನಗಿಂತ ಚೆನ್ನಾಗಿ ಹೇಳುತ್ತಾಳೆ. ಆಮೇಲೆ ವರ್ಗದಲ್ಲಿ ಎದ್ದು ನಿಂತು ಓದುವಾಗ ಬಾಯಲ್ಲಿ ಬರುವುದು ಆ ಮಾತೇ.

“ನಾನೂ ನೋಡೇನವಾ,” ಎಂದು ಆಯಿ ಶುರು ಮಾಡಿದ್ದಳು, “ಅವತ್ತ ಪಂಚಮಿ ದಿನಾ ನೀ ಬಂದಾಗ, ನನಗ…”

ಮುರಿಗೆವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಧಾರವಾಡದ ಕಡೆ ಬಿರುಸಾಗಿ ನಡೆದಳು.